ವಿರೋಧೀ ಹಿಂಸೆಯ ಎಲ್ಲೆ

ಶ್ರಾವಕನು ಸಂಕಲ್ಪೀ ಹಿಂಸೆಯನ್ನು ಸರ್ವಥಾ ತ್ಯಜಿಸಬೇಕು. ಆತ್ಮರಕ್ಷಣೆಯಲ್ಲಿ ಅನಿವಾರ್ಯವಾಗುವ ವಿರೋಧೀ ಹಿಂಸೆಯಿಂದ ಗೃಹಸ್ಥನು ಪೂರ್ಣವಾಗಿ ಪಾರಾಗಲಾರನು. ಸ್ವಾಧ್ಯಾಯದಲ್ಲಿ ಈ ಮಾತನ್ನು ಎಷ್ಟೋ ಬಾರಿ ಓದಿದ್ದೇನೆ. ತೋಟದ ಬೇಲಿಗಾಗಿ ಅಣ್ಣನ ಮೇಲೆ ದಾವೆ ಹೂಡಿದಾಗ ಇದನ್ನೇ ನನ್ನ ಸಮರ್ಥನೆಯಾಗಿಯೂ ಬಳಸಿಕೊಂಡೆ. ಆ ಸಮರ್ಥನೆಯನ್ನು ಅಲುಗಾಡಿಸಿದುದು ದಕ್ಷಿಣ ಆಫ್ರಿಕದ ಜುಲು ದೊರೆ ಸೆಟ್ಶ್ವಾಯೊನ ಚರಿತ್ರೆ.

1856ರಲ್ಲಿ, ತಂದೆ ಎಂಪಾಂಡೆ ಇನ್ನೂ ಸಿಂಹಾಸನದಲ್ಲಿದ್ದಾಗಲೇ, ಉತ್ತರಾಧಿಕಾರಕ್ಕಾಗಿ ಸೆಟ್ಶ್ವಾಯೊ ಮಲಸಹೋದರ ಎಂಬುಯಾಝಿಯೊಡನೆ ತುಗೇಲಾ ನದಿಯ ಬಳಿ ಕಾದಿದನು. ಸೋತವರ ಪಕ್ಷದ ಹೆಂಗಸರು ಮಕ್ಕಳೂ ಸೇರಿ ಸಾವಿರಾರು ಜನ ಹತರಾದರು. ಭರತ-ಬಾಹುಬಲಿಯರ ಕಲಹದಲ್ಲಿ ಮಂತ್ರಿಗಳು ಸೈನ್ಯಗಳನ್ನು ತಡೆದು ಧರ್ಮಯುದ್ಧವನ್ನು ಏರ್ಪಡಿಸಿದರು. ಇಲ್ಲಿ ಅಂಥ ತಡೆ ಒದಗಲಿಲ್ಲ.

1872ರಲ್ಲಿ ತಂದೆ ತೀರಿಕೊಂಡ ಮೇಲೆ ಅವನು ದೊರೆಯಾದನು. 1878ರ ಡಿಸೆಂಬರಿನಲ್ಲಿ ಬ್ರಿಟಿಷ್ ಹೈಕಮಿಷನರ್ ಬಾರ್ಟಲ್ ಫ್ರೇರ್, ಜುಲು ಸೈನ್ಯವ್ಯವಸ್ಥೆಯನ್ನೇ ವಿಸರ್ಜಿಸಬೇಕೆಂದು ಗಡುವು ವಿಧಿಸಿದನು. ಮರುತಿಂಗಳೇ ಬ್ರಿಟಿಷ್ ಸೇನೆ ಒಳನುಗ್ಗಿತು. ನಾಡಿನೊಳಗೆ ಬಂದವರನ್ನು ಎದುರಿಸಬೇಕು, ಆದರೆ ಗಡಿ ದಾಟಿ ಬ್ರಿಟಿಷರ ನಟಾಲಿಗೆ ಹೋಗಕೂಡದು ಎಂಬುದು ಸೆಟ್ಶ್ವಾಯೊನ ಆಜ್ಞೆ. 1879ರ ಜನವರಿ 22ರಂದು ಇಸಾಂಡ್ಲ್ವಾನಾದಲ್ಲಿ ಜುಲುಗಳು ಗೆದ್ದರು. ಬ್ರಿಟಿಷ್ ಪಕ್ಷದ 1300ಕ್ಕೂ ಹೆಚ್ಚು ಜನ ಮಡಿದರು. ಅಂದೇ ಇನ್ನೊಬ್ಬ ಮಲಸಹೋದರ ಡಬುಲಮಾಂಜಿ ಆಜ್ಞೆ ಮೀರಿ, ಗಡಿಯ ನದಿಯನ್ನು ದಾಟಿ ರೋರ್ಕ್ಸ್ ಡ್ರಿಫ್ಟ್ ಠಾಣೆಯನ್ನು ಮುತ್ತಿದನು. ನೂರಾರು ಜುಲುಗಳು ವ್ಯರ್ಥವಾಗಿ ಅಳಿದರು. ಗೆಲುವಿನ ಅಮಲಿನಲ್ಲಿ ಎಲ್ಲೆ ನೆನಪಿರುವುದು ಕಷ್ಟ.

ಜುಲೈ 4ರಂದು ರಾಜಧಾನಿ ಉಲುಂಡಿಯನ್ನು ಬ್ರಿಟಿಷರು ಸುಟ್ಟರು. ಸೆರೆಯಾದ ದೊರೆಯನ್ನು ಕೇಪ್‌ಟೌನಿಗೆ ಒಯ್ದರು. 1882ರಲ್ಲಿ ಇಂಗ್ಲೆಂಡಿಗೆ ಹೋಗಿ ವಿಕ್ಟೋರಿಯಾ ರಾಣಿಯನ್ನು ಕಂಡನು. 1883ರಲ್ಲಿ ಮರಳಿ ದೊರೆತುದು ಮೊಟಕುಗೊಂಡ ರಾಜ್ಯ. ಅದನ್ನೂ ಅಂತಃಕಲಹದಲ್ಲಿ ಕಳೆದುಕೊಂಡು, 1884ರ ಫೆಬ್ರವರಿ 8ರಂದು ಎಶೋವೆಯಲ್ಲಿ ತೀರಿಕೊಂಡನು.

ಅವನನ್ನು ಅಹಿಂಸಕನೆನ್ನಲಾರೆ, ತುಗೇಲಾ ತೀರದ ರಕ್ತಕ್ಕೆ ಅವನೇ ಹೊಣೆ. ಆದರೂ ಅದೇ ಮನುಷ್ಯನು ಮುಂದೆ ತನ್ನ ಪ್ರತಿರೋಧಕ್ಕೆ ಎಲ್ಲೆಯೊಂದನ್ನು ಹಾಕಿಕೊಂಡನು. ಲೋಕವು ಅದಕ್ಕೆ ಪ್ರತಿಫಲ ಕೊಡಲಿಲ್ಲ. ಪ್ರತಿಫಲಕ್ಕಾಗಿ ಪಾಲಿಸುವ ಎಲ್ಲೆ ವ್ಯಾಪಾರವಾದೀತು, ವ್ರತವಾಗದು.

ನನ್ನ ದಾವೆಯಲ್ಲಿ ರಕ್ಷಣೆ ಎಲ್ಲಿ ಮುಗಿಯಿತು, ಮಾನಕಷಾಯ ಎಲ್ಲಿ ಆರಂಭವಾಯಿತು ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಬೇಲಿಯನ್ನು ಉಳಿಸಿಕೊಳ್ಳಲು ಹೊರಟವನು ಅಣ್ಣನ ಬಾವಿಗೆ ಹೋಗುವ ಹಾದಿಯನ್ನೂ ನನ್ನದೆಂದು ಬರೆಸಿದ್ದೆ. ಕ್ಷಮಾವಾಣಿಯ ದಿನ ಅವನ ಮನೆಗೆ ಹೋಗಬೇಕೆಂದಿದ್ದೇನೆ. ಅದಕ್ಕೂ ಮೊದಲು ಆ ಹಾದಿಯ ಬೇಡಿಕೆಯನ್ನು ಹಿಂತೆಗೆದುಕೊಳ್ಳಬೇಕು.