ಮಾರ್ಬರ್ಗಿನ ಮೇಜು

ಎಲೆ ಹಾಕಿ ಬಡಿಸಿದ ಮೇಲೆ ಪಂಕ್ತಿಯಿಂದ ಒಬ್ಬರು ಎದ್ದುಹೋದರೆ ಆ ನೋವು ಎಷ್ಟು ತಲೆಮಾರು ಉಳಿಯುತ್ತದೆಂಬುದನ್ನು ನಮ್ಮ ನಾಡಿನ ಓದುಗರಿಗೆ ಹೇಳಬೇಕಾಗಿಲ್ಲ. ಜರ್ಮನಿಯ ಮಾರ್ಬರ್ಗ್ ಎಂಬ ಬೆಟ್ಟದೂರಿನಲ್ಲಿ 1529ನೆಯ ಇಸವಿಯಲ್ಲಿ ಇಂತಹದೇ ಒಂದು ಪಂಕ್ತಿ ಒಡೆಯಿತು. ಬಡಿಸಿದ್ದುದು ಒಂದು ತುಣುಕು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಎದ್ದುಹೋದವರು ಸಾಮಾನ್ಯರಲ್ಲ, ಒಂದು ಯುಗವನ್ನೇ ಬದಲಿಸಿದ ಮಹಾಪಂಡಿತರು. ಜಗಳ ಹುಟ್ಟಿದ್ದು ಒಂದೇ ಒಂದು ಪದದಿಂದ.

ಫ್ರಾಂಕ್‌ಫರ್ಟಿನಿಂದ ಉತ್ತರಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಜೊತೆಯಲ್ಲಿದ್ದವರು ಮಂಗಳೂರಿನ ಮಿತ್ರರು. ಬಾಸೆಲ್ ಮಿಷನ್ನಿನ ಕಾಲದಿಂದಲೂ ಅವರ ಮನೆತನ ಕ್ರೈಸ್ತ ಸಭೆಗೆ ಸೇರಿದ್ದು. “ನಮ್ಮ ಮನೆಯ ಕಥೆಯ ಒಂದು ತುದಿ ಆ ಊರಿನಲ್ಲಿದೆ, ಮಾರಾಯರೇ, ನೋಡಿಬರೋಣ” ಎಂದು ಅವರೇ ನನ್ನನ್ನು ಹೊರಡಿಸಿದ್ದರು.

ರೊಟ್ಟಿ ಹೂವಾದ ಊರು

ಲಾನ್ ನದಿಯ ಬಯಲಿನಲ್ಲಿ ನಿಂತವರಿಗೆ ಮೊದಲು ಕಾಣುವುದು ಸಂತ ಎಲಿಜಬೆತ್ತಳ ದೇವಾಲಯದ ಜೋಡಿ ಗೋಪುರಗಳು. ಹಂಗೇರಿಯ ರಾಜಪುತ್ರಿಯಾದ ಆಕೆ ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದಳು. ಈ ಊರಿಗೆ ಬಂದು ಆಸ್ಪತ್ರೆಯನ್ನು ಕಟ್ಟಿಸಿ, ರೋಗಿಗಳ ಸೇವೆ ಮಾಡುತ್ತ 1231ರಲ್ಲಿ, ತನ್ನ 24ನೆಯ ವಯಸ್ಸಿನಲ್ಲಿ ತೀರಿಕೊಂಡಳು. ನಾಲ್ಕು ವರ್ಷಗಳ ತರುವಾಯ ಅವಳ ಸಮಾಧಿಯ ಮೇಲೆ ಈ ದೇವಾಲಯದ ಕೆಲಸ ಮೊದಲಾಯಿತು. ಅವಳು ಬಡವರಿಗೆಂದು ಮರೆಮಾಡಿ ಒಯ್ಯುತ್ತಿದ್ದ ರೊಟ್ಟಿಗಳು, ತಡೆದು ನೋಡಿದವರ ಕಣ್ಣಿಗೆ ಗುಲಾಬಿ ಹೂಗಳಾಗಿ ಕಂಡುವೆಂಬ ಐತಿಹ್ಯವನ್ನು ಜರ್ಮನಿಯ ಮಕ್ಕಳೆಲ್ಲ ಬಲ್ಲರು. ರೊಟ್ಟಿ ಬೇರೊಂದಾಗುವುದೆಂಬ ಮಾತು ಈ ಊರಿಗೆ ಹೊಸತಲ್ಲ.

ಅಲ್ಲಿಂದ ಕಡಿದಾದ ಓಣಿಗಳು, ಕಲ್ಲಿನ ಮೆಟ್ಟಿಲುಗಳು, ಮರದ ತೊಲೆಗಳ ನಡುವೆ ಗಾರೆ ತುಂಬಿದ ಹಳೆಯ ಮನೆಗಳು. ಒಂದು ಮನೆಯ ಬಾಗಿಲು ಇನ್ನೊಂದು ಮನೆಯ ಮಾಡಿನ ಮಟ್ಟಕ್ಕಿರುವಷ್ಟು ಇಳಿಜಾರು. ಏದುಸಿರು ಬಿಡುತ್ತ ಏರಿದರೆ ನೆತ್ತಿಯಲ್ಲಿ ಹೆಸ್ಸೆಯ ಅರಸರ ಕೋಟೆ. ಗಾಥಿಕ್ ಕಮಾನುಗಳ ಅದರ ದೊಡ್ಡ ಸಭಾಂಗಣದಲ್ಲಿ ನಿಂತಾಗ ನಮ್ಮ ಹೆಜ್ಜೆಯ ಸದ್ದೇ ನಮ್ಮನ್ನು ಹಿಂಬಾಲಿಸುತ್ತದೆ.

ನಾಲ್ಕು ಪದಗಳು

1529ರಲ್ಲಿ ಇಲ್ಲಿ ಆಳುತ್ತಿದ್ದವನು ಎಲಿಜಬೆತ್ತಳ ವಂಶದವನೇ ಆದ ಫಿಲಿಪ್. ಅವನಿಗೂ ಆಗ 24 ವರ್ಷ. ರೋಮಿನ ಸಭೆಯಿಂದ ಸಿಡಿದುನಿಂತಿದ್ದ ಸುಧಾರಕರಲ್ಲಿ ಎರಡು ಪಂಗಡಗಳಾಗಿದ್ದುವು: ವಿಟೆನ್‌ಬರ್ಗಿನ ಲೂಥರನದೊಂದು, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಜ್ವಿಂಗ್ಲಿಯದೊಂದು. ಅತ್ತ ಚಕ್ರವರ್ತಿಯ ಕೋಪ. ಇತ್ತ ವಿಯೆನ್ನಾ ನಗರಕ್ಕೆ ತುರ್ಕರ ಮುತ್ತಿಗೆ. ಎರಡು ಪಂಗಡಗಳೂ ಒಂದಾಗದಿದ್ದರೆ ಉಳಿಗಾಲವಿಲ್ಲವೆಂದು ತಿಳಿದ ಫಿಲಿಪ್, ಇಬ್ಬರನ್ನೂ ತನ್ನ ಮನೆಗೆ ಕರೆಸಿದನು. ಲೂಥರನ ಜೊತೆ ಮೆಲಾಂಕ್ಟನ್, ಜ್ವಿಂಗ್ಲಿಯ ಜೊತೆ ಬಾಸೆಲ್ ನಗರದ ಈಕೊಲಂಪಾಡಿಯಸ್. ಅಕ್ಟೋಬರ್ ತಿಂಗಳ ಮೊದಲ ದಿನಗಳಲ್ಲಿ ಮಾತುಕತೆ ನಡೆಯಿತು.

ವಿವಾದದ ಮೂಲವು ಯೇಸುವಿನ ಕಡೆಯ ರಾತ್ರಿಯಲ್ಲಿದೆ. ಯೆಹೂದ್ಯರ ಪಸ್ಕ ಹಬ್ಬದ ಸಮಯ. ಈಜಿಪ್ಟಿನ ದಾಸ್ಯದಿಂದ ತರಾತುರಿಯಲ್ಲಿ ಹೊರಟ ಪೂರ್ವಜರ ನೆನಪಿಗಾಗಿ ಹುಳಿಯಿಲ್ಲದ ರೊಟ್ಟಿಯನ್ನು ತಿನ್ನುವ ಹಬ್ಬವದು. ಶಿಷ್ಯರೊಡನೆ ಊಟಕ್ಕೆ ಕುಳಿತ ಯೇಸು ರೊಟ್ಟಿಯನ್ನು ಮುರಿದು ಕೊಡುತ್ತ ಅದು ತನ್ನ ದೇಹವೆಂದೂ, ದ್ರಾಕ್ಷಾರಸದ ಪಾತ್ರೆಯನ್ನು ಕೊಡುತ್ತ ಅದು ತನ್ನ ರಕ್ತವೆಂದೂ ಹೇಳಿ, ತನ್ನ ನೆನಪಿಗಾಗಿ ಹೀಗೆ ಮಾಡಿರೆಂದನು. ಮರುದಿನ ಶಿಲುಬೆ. ಅಂದಿನಿಂದ ಕ್ರೈಸ್ತರು ಒಟ್ಟುಗೂಡಿದ ಕಡೆಯಲ್ಲೆಲ್ಲ ಈ ಊಟ ನಡೆದುಬಂದಿದೆ. ಹಲವು ಕಾಳುಗಳು ಹಿಟ್ಟಾಗಿ ಒಂದು ರೊಟ್ಟಿಯಾಗುವಂತೆ ಹಲವು ಜನ ಒಂದು ಸಭೆಯಾಗುತ್ತಾರೆಂಬುದು ಆದಿ ಕ್ರೈಸ್ತರ ಕಾಲದ ಹೋಲಿಕೆ.

ಆದರೆ ‘ಅದು ದೇಹ’ ಎಂದರೇನು? ರೋಮಿನ ಸಭೆಯ ಉತ್ತರ ಹೀಗೆ: ಗುರುವು ಅರ್ಪಿಸಿದಾಗ ರೊಟ್ಟಿಯ ರೂಪ, ರುಚಿ, ಬಣ್ಣಗಳು ಹಾಗೆಯೇ ಉಳಿದರೂ ಅದರ ಒಳಗಿನ ಸತ್ತ್ವವು ಕ್ರಿಸ್ತನ ದೇಹವಾಗಿ ಮಾರ್ಪಡುತ್ತದೆ. ಕನ್ನಡದ ಕ್ಯಾಥೊಲಿಕರು ಇದನ್ನು ‘ಪರಮಪ್ರಸಾದ’ವೆಂದು ಕರೆಯುತ್ತಾರೆ. ಲೂಥರನು ಈ ಮಾರ್ಪಾಟಿನ ತರ್ಕವನ್ನು ಒಪ್ಪಲಿಲ್ಲ; ಆದರೆ ಕ್ರಿಸ್ತನು ಅಲ್ಲಿ ನಿಜವಾಗಿಯೂ ಇರುವನೆಂಬುದನ್ನು ಬಿಡಲೂ ಇಲ್ಲ. ಕಾದ ಕಬ್ಬಿಣದಲ್ಲಿ ಕಬ್ಬಿಣವೂ ಇದೆ, ಬೆಂಕಿಯೂ ಇದೆ. ರೊಟ್ಟಿಯಲ್ಲಿ ಕ್ರಿಸ್ತನಿರುವುದು ಹಾಗೆ, ಎಂಬುದು ಅವನ ಹೋಲಿಕೆ. ಜ್ವಿಂಗ್ಲಿಗೆ ಇದು ಸಲ್ಲದು. ಸ್ವರ್ಗಕ್ಕೇರಿದ ದೇಹವು ಸಾವಿರ ಊರುಗಳ ಮೇಜಿನ ಮೇಲೆ ಏಕಕಾಲದಲ್ಲಿ ಇರುವುದೆಂತು? ‘ಅದು’ ಎಂದರೆ ‘ಅದನ್ನು ಸೂಚಿಸುತ್ತದೆ’ ಎಂದೇ ಅರ್ಥ. ಊಟವು ನೆನಪಿನ ಊಟ, ಎಂಬುದು ಅವನ ವಾದ.

ಜ್ವಿಂಗ್ಲಿ ಹೇಳಿದ್ದು ಬರಿಯ ನೆನಪಲ್ಲವೇ ಎಂದು ಹಗುರಾಗಿ ಕಾಣಬಾರದು. ಮಾಂಗಲ್ಯವು ಗಂಡನಲ್ಲ, ಆದರೆ ಅದು ಬರಿಯ ಚಿನ್ನವೆಂದು ಯಾವ ಗೃಹಿಣಿ ಒಪ್ಪಿಯಾಳು? ಲೂಥರನದು ಬರಿಯ ಹಟವೂ ಅಲ್ಲ. ಪಾಪದ ಭಯದಿಂದ ಬೆಂದು ಬಂದವನಿಗೆ ತನ್ನ ನೆನಪಿನ ಶಕ್ತಿಯನ್ನು ನಂಬಿಕೊಂಡಿರೆಂದರೆ ಸಮಾಧಾನವಾಗದು; ಹೊರಗಿನಿಂದ ಯಾರೋ ತನ್ನ ಅಂಗೈಯಲ್ಲಿಟ್ಟುದನ್ನೇ ಅವನು ನಂಬಬಲ್ಲನು. ಒಬ್ಬನಿಗೆ ರೊಟ್ಟಿಯನ್ನು ಪೂಜಿಸುವ ಹಳೆಯ ಮೂಢತನ ಮರಳೀತೆಂಬ ಭಯ. ಇನ್ನೊಬ್ಬನಿಗೆ ದೇವರು ಕೊಟ್ಟ ಮಾತೇ ಕೈಜಾರೀತೆಂಬ ಭಯ.

ಮಾತುಕತೆ ಮೊದಲಾಗುವಾಗ ಲೂಥರನು ಮೇಜಿನ ಮೇಲೆ ಸೀಮೆಸುಣ್ಣದಿಂದ ಯೇಸುವಿನ ಆ ವಾಕ್ಯದ ನಾಲ್ಕು ಲ್ಯಾಟಿನ್ ಪದಗಳನ್ನು ಬರೆದು, ಮೇಲೆ ಮಖಮಲ್ಲಿನ ವಸ್ತ್ರವನ್ನು ಮುಚ್ಚಿದನಂತೆ. ವಾದ ಬಿಗಿಯಾದಾಗ ವಸ್ತ್ರವನ್ನೆತ್ತಿ ತೋರಿಸಿದನು. ಅವುಗಳಲ್ಲಿ ಒಂದು ‘ಎಸ್ಟ್’. ಅಂದರೆ ‘ಇದೆ, ಆಗಿದೆ’. ಕನ್ನಡದಲ್ಲಾದರೋ ‘ಇದು ಅದು’ ಎಂದರೆ ಸಾಕು. ಆ ಪದವೇ ಬೇಡ! ನಮ್ಮ ನುಡಿಯಲ್ಲಿ ಇಲ್ಲದೆಯೂ ನಡೆಯುವ ಒಂದು ಪದವು ಇಲ್ಲಿ ಎರಡು ನಾಡುಗಳನ್ನು ಬೇರ್ಪಡಿಸಿತು.

ಹದಿನೈದು ವಿಧಿಗಳ ಒಪ್ಪಂದವನ್ನು ಬರೆದಾಗ ಹದಿನಾಲ್ಕಕ್ಕೆ ಎಲ್ಲರದೂ ಸಮ್ಮತಿ. ಹದಿನೈದನೆಯದರಲ್ಲಿಯೂ ಉಳಿದುದು ಇದೊಂದೇ ಪ್ರಶ್ನೆ. ಬೆವರುಜ್ವರವೆಂಬ ಸಾಂಕ್ರಾಮಿಕ ರೋಗ ಊರಿಗೆ ಬಂದುದರಿಂದ ಸಭೆಯನ್ನು ಬೇಗನೆ ಮುಗಿಸಬೇಕಾಯಿತು. ಸಹೋದರರಂತೆ ಬೀಳ್ಕೊಳ್ಳೋಣವೆಂದು ಜ್ವಿಂಗ್ಲಿ ಕಣ್ಣೀರಿಟ್ಟು ಕೇಳಿದನು. ನಿಮ್ಮ ಮನೋಭಾವವೇ ಬೇರೆಯೆಂದು ಲೂಥರನು ಒಪ್ಪಲಿಲ್ಲ. ಅವರಿಬ್ಬರೂ ಮುಖಾಮುಖಿಯಾದದ್ದು ಅದೊಂದೇ ಬಾರಿ. ಎರಡು ವರ್ಷಗಳಲ್ಲಿ, 1531ರ ಅಕ್ಟೋಬರಿನಲ್ಲಿ, ಕಾಪೆಲ್ ಕಾಳಗದಲ್ಲಿ ಜ್ವಿಂಗ್ಲಿ ಹತನಾದನು. ಮುಂದಿನ ತಿಂಗಳು ಬಾಸೆಲಿನಲ್ಲಿ ಈಕೊಲಂಪಾಡಿಯಸನೂ ತೀರಿಕೊಂಡನು. ಬೇರ್ಪಟ್ಟ ಮೇಜುಗಳು ಹಾಗೆಯೇ ಉಳಿದುವು.

ಮಂಗಳೂರಿನ ಪಾತ್ರೆ

ಮರುದಿನ ಭಾನುವಾರ. ಎಲಿಜಬೆತ್ತಳ ದೇವಾಲಯದಲ್ಲಿ ಈಗ ಪ್ರಾಟೆಸ್ಟಂಟರ ಆರಾಧನೆ. ಪ್ರಾರ್ಥನೆಯ ಕೊನೆಗೆ ಜನರು ವೇದಿಕೆಯ ಮುಂದೆ ಅರ್ಧಚಂದ್ರಾಕಾರವಾಗಿ ನಿಂತರು. ಮಿತ್ರರೂ ಎದ್ದುಹೋಗಿ ನಿಂತರು. ನಾನು ಆ ಸಭೆಯವನಲ್ಲ. ಬೆಂಚಿನಲ್ಲಿಯೇ ಕುಳಿತು ನೋಡಿದೆ. ಕೋಲೂರಿದ ಮುದುಕಿ, ಕಾಲೇಜಿನ ಹುಡುಗ, ನಮ್ಮ ಕರಾವಳಿಯ ಮನುಷ್ಯ. ರೊಟ್ಟಿ ಕೈಯಿಂದ ಕೈಗೆ, ಪಾತ್ರೆ ತುಟಿಯಿಂದ ತುಟಿಗೆ.

ಹೊರಗೆ ಬಂದ ಮೇಲೆ ಕೇಳಿದೆ: “ನೀವು ಯಾವ ಪಂಗಡವೆಂದು ಅವರು ಕೇಳಲಿಲ್ಲವೇ?”

“ಏನೂ ಕೇಳಲಿಲ್ಲ. ರೊಟ್ಟಿ ಕೊಟ್ಟರು” ಎಂದರು.

ನದಿಯ ದಂಡೆಯಲ್ಲಿ ಕುಳಿತು ಅವರು ತಮ್ಮ ಮನೆಯ ಕಥೆಯನ್ನು ಹೇಳಿದರು. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿನ ಮೂಲಸ್ಥಾನ ಈಕೊಲಂಪಾಡಿಯಸನ ಊರು. ಆದರೆ ಅಲ್ಲಿಗೆ ಬಂದು ಸೇರಿದ ತರುಣರಲ್ಲಿ ಬಹುಮಂದಿ ಲೂಥರನ ಪಂಥದ ವುರ್ಟೆಂಬೆರ್ಗ್ ಸೀಮೆಯವರು. 1834ರಲ್ಲಿ ಹೆಬಿಕ್ ಮತ್ತು ಸಂಗಡಿಗರು ಮಂಗಳೂರಿಗೆ ಬಂದಿಳಿದರು. ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗ್ ಬಂದುದು 1836ರಲ್ಲಿ. ಮಾರ್ಬರ್ಗಿನಲ್ಲಿ ಬೇರ್ಪಟ್ಟ ಎರಡು ಮೇಜುಗಳ ಮಕ್ಕಳು ಹೀಗೆ ಒಂದೇ ಹಡಗಿನಲ್ಲಿ ನಮ್ಮ ಕರೆಗೆ ಬಂದಿದ್ದರು.

“ಅವರ ಜಗಳ ನಮ್ಮವರಿಗೆ ಗೊತ್ತಿರಲಿಲ್ಲ. ನಮ್ಮ ಜಗಳ ಬೇರೆಯೇ ಇತ್ತು” ಎಂದರು ಮಿತ್ರರು. “ನಮ್ಮ ಅಜ್ಜಿಯ ಅಜ್ಜ ಸಭೆಗೆ ಸೇರಿದ ಹೊಸತು. ಪಾತ್ರೆ ತನ್ನ ಬಳಿಗೆ ಬಂದಾಗ ಕೈ ನಡುಗಿತಂತೆ. ಅವರಿಗಿಂತ ಮೊದಲು ಅದರಿಂದ ಕುಡಿದವನು, ಹಿಂದೆ ಇವರ ಮನೆಯ ಅಂಗಳದಾಚೆ ನಿಲ್ಲುತ್ತಿದ್ದವನು. ಸಭಾಪಾಲಕರು ಪಾತ್ರೆ ಹಿಡಿದು ಕಾದರು. ಅಜ್ಜ ಕಣ್ಣು ಮುಚ್ಚಿ ಕುಡಿದರು. ಹೊರಗೆ ಬಂದು ಆ ಮನುಷ್ಯನ ಹೆಸರಿಗೆ ಮೊದಲ ಸಲ ‘ಅಣ್ಣ’ ಎಂದು ಸೇರಿಸಿ ಕರೆದರಂತೆ. ದ್ರಾಕ್ಷಾರಸ ರಕ್ತವಾಯಿತೋ ಇಲ್ಲವೋ ಪಂಡಿತರು ಹೇಳಲಿ. ನಮ್ಮ ಅಜ್ಜನ ರಕ್ತ ಅಂದು ಬದಲಾಯಿತು.”

ಬಾಸೆಲಿಗೆ ಸಮೀಪದ ಲಾಯೆನ್‌ಬೆರ್ಗ್ ಎಂಬಲ್ಲಿ 1973ರ ಮಾರ್ಚ್ 16ರಂದು ಯೂರೋಪಿನ ಲೂಥರನ್ ಮತ್ತು ಸ್ವಿಸ್ ಪರಂಪರೆಯ ಸಭೆಗಳ ಪ್ರತಿನಿಧಿಗಳು ಒಪ್ಪಂದವೊಂದಕ್ಕೆ ಬಂದರು. ಹಳೆಯ ಖಂಡನೆಗಳು ಇಂದು ಪರಸ್ಪರರಿಗೆ ಅನ್ವಯಿಸವೆಂದೂ, ರೊಟ್ಟಿ ದ್ರಾಕ್ಷಾರಸಗಳೊಡನೆ ಕ್ರಿಸ್ತನೇ ತನ್ನನ್ನು ಕೊಟ್ಟುಕೊಳ್ಳುವನೆಂದೂ, ಒಬ್ಬರ ಮೇಜಿಗೆ ಇನ್ನೊಬ್ಬರು ಬರಬಹುದೆಂದೂ ಅದರ ಸಾರ. ಮಾರ್ಬರ್ಗಿನಿಂದ ಲಾಯೆನ್‌ಬೆರ್ಗಿಗೆ ಹೋಗಲು 444 ವರ್ಷಗಳು ಹಿಡಿದುವು. ರೋಮಿನ ಸಭೆಗೂ ಇವರಿಗೂ ನಡುವೆ ಮೇಜು ಇನ್ನೂ ಒಂದಾಗಿಲ್ಲ.

ಸಂಜೆಯ ರೈಲು ಹೊರಟಾಗ ಬೆಟ್ಟದ ಮೇಲೆ ಕೋಟೆಯ ದೀಪಗಳು ಹೊತ್ತಿಕೊಂಡಿದ್ದುವು. ಮಿತ್ರರು ಚೀಲದಿಂದ ಮಧ್ಯಾಹ್ನ ಕೊಂಡಿದ್ದ ರೊಟ್ಟಿಯನ್ನು ತೆಗೆದು ಎರಡಾಗಿ ಮುರಿದರು. ದೊಡ್ಡ ಭಾಗವನ್ನು ನನ್ನ ಕಡೆಗೆ ಚಾಚಿದರು. ನಾವಿಬ್ಬರೂ ಮಾತಾಡದೆ ತಿಂದೆವು.