ತಪ್ಪು ಯಾರದು?

ಒಂದು ವಸ್ತು ಕೆಟ್ಟುಹೋದಾಗ ನಮ್ಮ ದೃಷ್ಟಿ ಮೊದಲು ಹೊರಳುವುದು ಅದನ್ನು ಬಳಸುತ್ತಿದ್ದವನ ಕೈಯ ಕಡೆಗೆ. ಆ ಕೈ ನಮ್ಮಿಂದ ಸಂಬಳ ಪಡೆಯುವ ಕೈಯಾಗಿದ್ದರಂತೂ ವಿಚಾರಣೆಯೇ ಬೇಕಾಗುವುದಿಲ್ಲ. ಈ ಮಾತನ್ನು ನಾನು ಅನ್ಯರನ್ನು ಕುರಿತು ಬರೆಯುತ್ತಿಲ್ಲ. ನನ್ನದೇ ಅನುಭವವನ್ನು ವಾಚಕರ ಮುಂದಿಡುತ್ತಿದ್ದೇನೆ.

ಬೆಳ್ತಂಗಡಿ ತಾಲೂಕಿನ ನಮ್ಮ ತೋಟದಲ್ಲಿ ೨೦೦೬ರಲ್ಲಿ ಕೊಂಡ ಒಂದು ಪಿಕಪ್ ವಾಹನವಿದೆ. ಅಡಿಕೆ, ತೆಂಗಿನಕಾಯಿ, ಗೊಬ್ಬರ ಎಲ್ಲವನ್ನೂ ಅದು ಹೊತ್ತಿದೆ. ಹನ್ನೊಂದು ವರ್ಷಗಳಿಂದ ಒಬ್ಬನೇ ಚಾಲಕ ಅದನ್ನು ನಡೆಸುತ್ತಿದ್ದಾನೆ. ೨೦೨೩ರ ಬೇಸಗೆಯಲ್ಲಿ ಅದರ ಗೇರ್ ಪೆಟ್ಟಿಗೆ ಕೆಟ್ಟಿತು. ರಿವರ್ಸ್ ಗೇರಿನ ಹಲ್ಲುಗಳು ಮುರಿದಿದ್ದವು. "ಕ್ಲಚ್ ಪೂರ್ತಿ ಬಿಡುತ್ತಿಲ್ಲ ಧಣಿಗಳೇ, ಎರಡು ಮೂರು ಸಲ ಒತ್ತಿದರೆ ಮಾತ್ರ ಗೇರ್ ಬೀಳುತ್ತದೆ" ಎಂದು ಅವನು ಅದಕ್ಕೂ ಮೊದಲೇ ಹೇಳಿದ್ದನು. ನಾನದನ್ನು ನೆಪವೆಂದು ತಿಳಿದೆ. "ಒರಟಾಗಿ ಗೇರ್ ಹಾಕಿ ಹಾಳು ಮಾಡಿದ್ದೀಯೆ" ಎಂದು ಅಂಗಳದಲ್ಲಿ ಎಲ್ಲರೆದುರು ಗದರಿ, ದುರಸ್ತಿಯ ಖರ್ಚಿನಲ್ಲಿ ೪,೫೦೦ ರೂಪಾಯಿಗಳನ್ನು ಮೂರು ತಿಂಗಳ ಸಂಬಳದಿಂದ ಹಿಡಿದುಕೊಂಡೆ. ಅವನು ಮರುಮಾತನಾಡಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನು ರಜೆಯ ಮೇಲೆ ಊರಿಗೆ ಹೋಗಿದ್ದಾಗ ನಾನೇ ವಾಹನವನ್ನು ಹೊರತೆಗೆಯಬೇಕಾಯಿತು. ಪೆಡಲನ್ನು ಒತ್ತಿದರೆ ಅದು ಯಾವ ತಡೆಯೂ ಇಲ್ಲದೆ ಕೆಳಕ್ಕೆ ಇಳಿಯಿತು. ರಿವರ್ಸ್ ಹಾಕಿದೊಡನೆ ಹಲ್ಲು ಕಡಿಯುವಂಥ ಕರ್ಕಶ ಶಬ್ದವೆದ್ದಿತು. ಯಾವ ಶಬ್ದಕ್ಕಾಗಿ ಅವನನ್ನು ಗದರಿದ್ದೆನೋ ಅದೇ ಶಬ್ದ ಈಗ ನನ್ನ ಕೈಯಿಂದಲೇ ಬಂದಿತ್ತು.

ವಾಹನವನ್ನು ಗ್ಯಾರೇಜಿಗೆ ಒಯ್ಯಿಸಿದೆ. ವೃದ್ಧ ಮೆಕ್ಯಾನಿಕರು ಅದರಡಿಯಲ್ಲಿ ಮಲಗಿ, ಗೇರ್ ಪೆಟ್ಟಿಗೆಯ ಪಕ್ಕದಲ್ಲಿದ್ದ ಸಣ್ಣ ಸಿಲಿಂಡರಿನ ರಬ್ಬರ್ ಹೊದಿಕೆಯನ್ನು ಸರಿಸಿದರು. ಹೊರಗಿನಿಂದ ಒಣಗಿದಂತೆ ಕಾಣುತ್ತಿದ್ದ ಅದರೊಳಗಿನಿಂದ ಕಪ್ಪಾದ ಎಣ್ಣೆ ತೊಟ್ಟಿಕ್ಕಿತು. ಅವರು ವಿವರಿಸಿದ್ದು ಇಷ್ಟು: ಪೆಡಲನ್ನು ಒತ್ತಿದಾಗ ಮೇಲಿನ ಮಾಸ್ಟರ್ ಸಿಲಿಂಡರ್ ಎಣ್ಣೆಯನ್ನು ಕೊಳವೆಯ ಮೂಲಕ ಕೆಳಗಿನ ಸಿಲಿಂಡರಿಗೆ ತಳ್ಳುತ್ತದೆ, ಅದರ ಪಿಸ್ಟನ್ ಮುಂದೆ ಸರಿದು ಕ್ಲಚ್ಚನ್ನು ಬಿಡಿಸುತ್ತದೆ. ಒಳಗಿನ ರಬ್ಬರ್ ಸವೆದು ಎಣ್ಣೆ ಸೋರಿದರೆ ಒತ್ತಡ ನಿಲ್ಲುವುದಿಲ್ಲ, ಕ್ಲಚ್ ಅರ್ಧವೇ ಬಿಡುತ್ತದೆ. ಆಗ ಎಂಥ ಕುಶಲ ಚಾಲಕನಾದರೂ ಗೇರಿನ ಹಲ್ಲುಗಳು ಒಂದಕ್ಕೊಂದು ಬಡಿಯುತ್ತವೆ. ಈ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವಂಥದು; ವರ್ಷಗಟ್ಟಲೆ ಬದಲಾಯಿಸದಿದ್ದರೆ ಸಿಲಿಂಡರಿನ ಒಳಗೋಡೆಗೆ ತುಕ್ಕು ಹಿಡಿದು, ಅದರ ಕುಳಿಗಳು ರಬ್ಬರನ್ನು ತಿನ್ನುತ್ತವೆ. "ಇದನ್ನು ಬದಲಾಯಿಸಿ ಎಷ್ಟು ವರ್ಷವಾಯಿತು?" ಎಂದು ಅವರು ಕೇಳಿದರು. ನಾನು ಉತ್ತರಿಸಲಿಲ್ಲ. ಎಣ್ಣೆ ಇಳಿದಾಗಲೆಲ್ಲ ಮೇಲಿನಿಂದ ತುಂಬಿಸುವುದಷ್ಟೇ ನನ್ನ ಕ್ರಮವಾಗಿತ್ತು.

ಬರಿಯ ರಬ್ಬರ್ ಬದಲಿಸಿದರೆ ಖರ್ಚು ಕಡಿಮೆ. ಆದರೆ ಕುಳಿಬಿದ್ದ ಸಿಲಿಂಡರಿನಲ್ಲಿ ಅದು ಬಹುಕಾಲ ಬಾಳದು ಎಂದರು. ಮಾಸ್ಟರ್ ಸಿಲಿಂಡರಿನ ವಯಸ್ಸೂ ಅಷ್ಟೇ ಆಗಿದ್ದುದರಿಂದ ಎರಡನ್ನೂ ಹೊಸದಾಗಿ ಹಾಕಿಸಿದೆ. ಬಳಿಕ ಕೊಳವೆಯೊಳಗಿನ ಗಾಳಿಯನ್ನು ತೆಗೆಯಬೇಕು. ನಾನು ಪೆಡಲ್ ಒತ್ತಿ ಹಿಡಿಯುವುದು, ಅವರು ಕೆಳಗೆ ನಿಪ್ಪಲನ್ನು ಸಡಿಲಿಸಿ ಗುಳ್ಳೆಗಳನ್ನು ಹೊರಬಿಟ್ಟು ಬಿಗಿಯುವುದು, ಅನಂತರವೇ ನಾನು ಕಾಲೆತ್ತುವುದು. ಒಮ್ಮೆ ಅವರ ಮಾತಿಗೆ ಕಾಯದೆ ಕಾಲೆತ್ತಿದೆ. ಗಾಳಿ ಮರಳಿ ಒಳಸೇರಿತು. "ಕೆಳಗಿರುವವನ ಮಾತನ್ನು ಕೇಳಬೇಕು, ಸ್ವಾಮಿ" ಎಂದು ಅವರು ಸಹಜವಾಗಿ ಹೇಳಿದರು. ಅವರಿಗೆ ನನ್ನ ಚಾಲಕನ ಸಂಗತಿ ತಿಳಿದಿರಲಿಲ್ಲ. ನನಗೆ ಮಾತ್ರ ಆ ಮಾತು ಬೇರೆಯೇ ಆಗಿ ಕೇಳಿಸಿತು. ಮೊದಲಿಂದ ಆರಂಭಿಸಿ ಮುಗಿಸುವಾಗ ಸಂಜೆಯಾಯಿತು. ಪೆಡಲ್ ಗಟ್ಟಿಯಾಗಿ ನಿಂತಿತು. ಗೇರ್ ನಿಶ್ಶಬ್ದವಾಗಿ ಬಿದ್ದಿತು.

ಚಾಲಕ ಮರಳಿದ ದಿನ ಅವನನ್ನು ಚಾವಡಿಗೆ ಕರೆದು ಹಣವನ್ನು ಕೈಯಲ್ಲಿಟ್ಟು, ತಪ್ಪು ನನ್ನದೆಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಣದ್ದು ಹೋಗಲಿ ಧಣಿಗಳೇ. ಅಂದು ಎಲ್ಲರೆದುರು ಹೇಳಿದಿರಲ್ಲ, ಅದರ ಅನಂತರ ನನ್ನ ಮಗನೂ ಕೇಳಿದ, ಅಪ್ಪ ಗಾಡಿ ಹಾಳು ಮಾಡಿದೆಯಾ ಎಂದು" ಎಂದನು.

ಹಣವನ್ನು ಮರಳಿಸುವುದು ಸುಲಭವಾಗಿತ್ತು. ನಾಲ್ಕು ಗೋಡೆಗಳ ನಡುವೆ ಕ್ಷಮೆ ಕೇಳುವುದೂ ಕಠಿಣವಾಗಿರಲಿಲ್ಲ. ಆದರೆ ಅಪವಾದ ಅಂಗಳದಲ್ಲಿ ಹುಟ್ಟಿತ್ತು. ಅಂಗಳದಲ್ಲೇ ಅದು ಅಳಿಯಬೇಕಿತ್ತು. ಮರುದಿನ ಬೆಳಗ್ಗೆ ಕೆಲಸದವರೆಲ್ಲ ಸೇರಿದ್ದಾಗ ಹಳೆಯ ಸಿಲಿಂಡರನ್ನು ಕೈಯಲ್ಲಿ ಹಿಡಿದು, ಗೇರ್ ಕೆಟ್ಟದ್ದು ಇದರಿಂದ, ಇದು ಕೆಟ್ಟದ್ದು ನನ್ನ ಅಲಕ್ಷ್ಯದಿಂದ ಎಂದು ಹೇಳಿದೆ. ಹೇಳುವಾಗ ಗಂಟಲು ಒಣಗಿತ್ತೆಂಬುದನ್ನು ಮರೆಮಾಚಲಾರೆ. ಸಂಜೆ ಅವನ ಮಗನಿಗೂ ಹಾಗೆಯೇ ಹೇಳಿದೆ.

ಆ ಸಿಲಿಂಡರ್ ಈಗಲೂ ಸಂಬಳದ ಪುಸ್ತಕವಿರುವ ಕಪಾಟಿನಲ್ಲಿದೆ. ಯಾರ ಲೆಕ್ಕದಲ್ಲಾದರೂ ಹಣ ಹಿಡಿಯುವ ಯೋಚನೆ ಬಂದಾಗ, ಮೊದಲು ಅದರ ಮೇಲೆ ಕಣ್ಣು ಬೀಳಲೆಂದು ಅಲ್ಲಿಟ್ಟಿದ್ದೇನೆ.