ಆಡು ಮುಟ್ಟದ ಸೊಪ್ಪು

ರಾಬರ್ಟ್‌ಸನ್‌ಪೇಟೆಯ ಆ ಬೀದಿಯಲ್ಲಿ ಯಾರಿಗೆ ಅರ್ಜಿ ಬರೆಸಬೇಕಾದರೂ ಮೇಷ್ಟರ ಮನೆಯ ಜಗಲಿಯೇ ಗತಿ. ನಿವೃತ್ತರಾಗಿ ಹದಿನೈದು ವರ್ಷಗಳು ಸಂದಿದ್ದರೂ ಅವರ ಅಕ್ಷರ ಇನ್ನೂ ಕರಿಹಲಗೆಯ ಮೇಲಿನಂತೆಯೇ ದುಂಡಗಿತ್ತು. ನಲ್ಲಿಯಲ್ಲಿ ನೀರು ಬಾರದಿದ್ದರೆ, ಪಿಂಚಣಿ ನಿಂತರೆ, ದೀಪದ ಕಂಬ ವಾಲಿದರೆ, ಎಲ್ಲಕ್ಕೂ ಮೇಷ್ಟರ ಲೇಖನಿಯೇ ಬೇಕು. ಆದುದರಿಂದ ಆ ಭಾನುವಾರ ಬೆಳಿಗ್ಗೆ ಬೀದಿಯ ನಾಲ್ವರು ಹಿರಿಯರು ಬಂದು ಜಗಲಿಯ ಮೇಲೆ ಕುಳಿತಾಗ, ಮೇಷ್ಟರ ಮಡದಿ ಯಾರೂ ಹೇಳದೆಯೇ ಕಾಫಿಗೆ ನೀರಿಟ್ಟರು.

"ಮೇಕೆಗಳ ವಿಷಯ, ಮೇಷ್ಟ್ರೇ. ಹಿಂದಿನ ಬಯಲು ಬೋಳಾಗಿ ಹೋಯಿತು. ಆ ಮುದುಕಿ ಇನ್ನು ಅಲ್ಲಿಗೆ ಮೇಕೆ ಹೊಡೆಯಕೂಡದೆಂದು ನಗರಸಭೆಗೆ ಒಂದು ಅರ್ಜಿ ಬರೆದುಕೊಡಿ. ನಾವೆಲ್ಲ ರುಜು ಹಾಕುತ್ತೇವೆ."

ದೂರಿನಲ್ಲಿ ಸುಳ್ಳಿರಲಿಲ್ಲ. ಬಯಲಿನ ಆಚೆಗೆ ಸೈನೈಡ್ ದಿಬ್ಬಗಳು ಕಾಣುತ್ತವೆ. ಜಾನ್ ಟೇಲರ್ ಕಂಪೆನಿ 1880ರಲ್ಲಿ ಇಲ್ಲಿಗೆ ಬಂದ ಮೇಲೆ ನೂರಿಪ್ಪತ್ತು ವರ್ಷಗಳ ಕಾಲ ನೆಲದಾಳದಿಂದ ತೆಗೆದು, ಅರೆದು, ಚಿನ್ನ ಹಿಂಡಿ ಬಿಸುಟ ಕಲ್ಲಿನ ಹುಡಿಯ ರಾಶಿಗಳವು. ಗಾಳಿ ಎದ್ದರೆ ಆ ಹುಡಿ ಊರಿನ ಮೇಲೆ ಹಾರುತ್ತದೆ. ಒಣಗಿದ ಬಟ್ಟೆ, ಮುಚ್ಚದ ಪಾತ್ರೆ, ಮಕ್ಕಳ ಮೂಗು, ಯಾವುದನ್ನೂ ಬಿಡುವುದಿಲ್ಲ. ಬಯಲಿನಲ್ಲಿ ಹುಲ್ಲಿದ್ದರೆ ಅಲ್ಲಿಯ ಮಣ್ಣಾದರೂ ಆ ಹುಡಿಯೊಡನೆ ಸೇರಿ ಹಾರದೆ ನಿಲ್ಲುತ್ತದೆ. ನಾಲ್ವರಲ್ಲಿ ಒಬ್ಬರ ಮೊಮ್ಮಗುವಿಗೆ ಬೇಸಗೆಯುದ್ದಕ್ಕೂ ಕೆಮ್ಮು ಬಿಟ್ಟಿರಲಿಲ್ಲ.

ಮುದುಕಿಯ ಕಡೆಯೂ ಬರಿದಾಗಿರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಆಕೆಯ ಮಗನ ಕೂಲಿಯೂ ನಿಂತಿತು. ಅವನು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೊರಟ. ಆಕೆ ಎರಡು ಮೇಕೆಗಳನ್ನು ಕೊಂಡಳು. ಈಗ ಇಪ್ಪತ್ತೆರಡಾಗಿವೆ. ಮೊಮ್ಮಗಳ ಕಾಲೇಜಿನ ಶುಲ್ಕ ಪ್ರತಿ ವರ್ಷವೂ ಅವುಗಳಲ್ಲಿ ಒಂದೆರಡರ ರೂಪದಲ್ಲಿ ಸಂತೆಗೆ ನಡೆದು ಹೋಗುತ್ತದೆ.

ಮೇಷ್ಟರಿಗಂತೂ ಮೇಕೆಗಳ ಮೇಲೆ ಸ್ವಂತದ ಸಿಟ್ಟೂ ಇತ್ತು. ಅವರ ದಾಸವಾಳದ ಬೇಲಿ ಎರಡು ಸಲ ಅವುಗಳ ಪಾಲಾಗಿತ್ತು. ಉತ್ಸಾಹದಿಂದಲೇ ಕಾಗದ ತೆಗೆದು 'ಮಾನ್ಯರೇ' ಎಂದು ಬರೆದರು. ಮುಂದೆ ಲೇಖನಿ ಓಡಲಿಲ್ಲ. "ಸಂಜೆಗೆ ಬನ್ನಿ" ಎಂದು ನಾಲ್ವರನ್ನೂ ಕಳುಹಿಸಿಬಿಟ್ಟರು.

ಅವರ ಕೈ ತಡೆದದ್ದು ಒಂದು ಹಳೆಯ ಪ್ರವಾಸದ ನೆನಪು. ನಿವೃತ್ತಿಯ ವರ್ಷ ಬಂಗಾರಪೇಟೆಯ ಗೆಳೆಯರೊಡನೆ ಅವರು ಗಢವಾಲದ 'ಹೂಗಳ ಕಣಿವೆ'ಗೆ ಹೋಗಿದ್ದರು. ಅಲ್ಲಿ ಮರಗಳು ಮುಗಿದು ಹಿಮ ತೊಡಗುವ ನಡುವಿನ ಎತ್ತರದಲ್ಲಿ ಹುಲ್ಲುಗಾವಲುಗಳಿವೆ. ಅಲ್ಲಿಯವರು ಅವನ್ನು ಬುಗ್ಯಾಲ್ ಎನ್ನುತ್ತಾರೆ. ನಮ್ಮ ನಾಡಿನ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಆ ಕಣಿವೆಯ ನೆಲ 3,000 ಮೀಟರನ್ನೂ ಮೀರಿದ್ದು. ವರ್ಷದ ಬಹುಪಾಲು ಹಿಮದಡಿ ಮಲಗಿ, ಕೆಲವೇ ತಿಂಗಳುಗಳಲ್ಲಿ ಚಿಗುರಿ, ಹೂ ಬಿಟ್ಟು, ಬೀಜ ಚೆಲ್ಲಿ ಮುಗಿಸಬೇಕಾದ ಗಿಡಗಳು ಅಲ್ಲಿಯವು. 1931ರಲ್ಲಿ ಪರ್ವತಾರೋಹಿ ಫ್ರಾಂಕ್ ಸ್ಮೈತ್ ದಾರಿ ತಪ್ಪಿ ಅಲ್ಲಿಗಿಳಿದು ಬೆರಗಾದನು. ಹೂಗಳನ್ನು ಉಳಿಸಲೆಂದು 1982ರಲ್ಲಿ ಸರ್ಕಾರ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿತು. ಕುರಿಗಳ ಮೇವು ನಿಂತಿತು.

ಆದರೆ ಮೇಷ್ಟರು ಕಂಡದ್ದೇನು? ಹಲವೆಡೆ ಆಳೆತ್ತರದ ಒಂದೇ ಜಾತಿಯ ಗಿಡ ದಟ್ಟವಾಗಿ ಹಬ್ಬಿ, ಪುಟ್ಟ ಹೂಗಳನ್ನು ನೆರಳಿನಲ್ಲಿ ಅದುಮಿ ನಿಂತಿತ್ತು. ಅದನ್ನು ಕೀಳಲು ಅರಣ್ಯ ಇಲಾಖೆ ಆಳುಗಳನ್ನಿಡಬೇಕಾಗಿತ್ತು. "ನಮ್ಮಪ್ಪನ ಕುರಿಗಳು ಇಲ್ಲಿ ಮೇಯುತ್ತಿದ್ದಾಗ ಇದು ಇಷ್ಟಿರಲಿಲ್ಲ" ಎಂದು ಹೊರೆಯಾಳು ಹೇಳಿದ ಮಾತು ಅವರ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಮೇವು ನಿಂತದ್ದೇ ಕಾರಣವೆಂದು ಕೆಲವು ತಜ್ಞರು, ಅಲ್ಲವೆಂದು ಕೆಲವರು ವಾದಿಸಿದ್ದೂ ಉಂಟು.

ಊರಿಗೆ ಮರಳಿದ ಮೇಲೆ ಮೇಷ್ಟರು ಆ ವಿಷಯವನ್ನು ಹುಡುಕಿ ಓದತೊಡಗಿದರು. ಟಿಬೆಟ್ ಪ್ರಸ್ಥಭೂಮಿಯ ಈಶಾನ್ಯದಲ್ಲಿ ಜೂಲಿಯಾ ಕ್ಲೈನ್ ಮತ್ತು ಸಂಗಡಿಗರು ಒಂದು ಪ್ರಯೋಗ ನಡೆಸಿದ್ದರು. ಹುಲ್ಲುಗಾವಲಿನ ಅಲ್ಲಲ್ಲಿ ಮೇಲ್ಭಾಗ ತೆರೆದ ಪಾರಕ ಗೂಡುಗಳನ್ನಿಟ್ಟು ಒಳಗಿನ ಗಾಳಿ ತುಸು ಬೆಚ್ಚಗಾಗುವಂತೆ ಮಾಡಿದರು. ಕೆಲವು ಕಡೆ ಪಶುಗಳು ಮೇಯ್ದಂತೆ ಹುಲ್ಲನ್ನು ಕತ್ತರಿಸಿದರು. 2004ರಲ್ಲಿ ಪ್ರಕಟವಾದ ಫಲಿತಾಂಶ ಇದು: ಬೆಚ್ಚಗಾದ ನೆಲದಲ್ಲಿ ಕೆಲವೇ ವರ್ಷಗಳಲ್ಲಿ ಗಿಡಗಳ ಜಾತಿಗಳು ನೂರಕ್ಕೆ 26ರಿಂದ 36ರಷ್ಟು ಕಡಮೆಯಾದವು, ಒಣ ನೆಲದಲ್ಲಿ ನಷ್ಟ ಇನ್ನೂ ಹೆಚ್ಚು. ಹುಲ್ಲು ಕತ್ತರಿಸಿದ ಕಡೆ ಆ ನಷ್ಟ ತಗ್ಗಿತು. ಶಾಖದ ಬಾಧೆಯೊಂದು, ಒಣಗಿ ಬಿದ್ದ ಹುಲ್ಲು ಕಂಬಳಿಯಂತೆ ಹಾಸಿಕೊಂಡು ಸಣ್ಣ ಗಿಡಗಳನ್ನು ಮುಚ್ಚುವುದೊಂದು. ಕಾರಣ ಇವೆರಡೂ ಇರಬಹುದೆಂದು ಅವರು ಊಹಿಸಿದರು. ಅಮೆರಿಕದ ಕೊಲೊರಾಡೊದಲ್ಲಿ ಜಾನ್ ಹಾರ್ಟ್ 1991ರಿಂದ ಬೆಟ್ಟದ ಹುಲ್ಲುಗಾವಲೊಂದನ್ನು ಮೇಲಿನಿಂದ ದೀಪಗಳಂತೆ ತೂಗುಬಿಟ್ಟ ಶಾಖಯಂತ್ರಗಳಿಂದ ಬೆಚ್ಚಗಿಟ್ಟಿದ್ದರು. ಅಲ್ಲಿ ಹೂಗಿಡಗಳು ತಗ್ಗಿ ಒಣನೆಲದ ಪೊದೆಗಳು ಹೆಚ್ಚಿದವು.

ಹಾಗಾದರೆ ಮೇಕೆಗಳು ನಿರಪರಾಧಿಗಳೆ? ಸಂಜೆಯ ಮೊದಲು ಮೇಷ್ಟರು ಕೋಲು ಹಿಡಿದು ಬಯಲಿಗೆ ಹೋದರು. ಹುಲ್ಲಿನ ಕುಡಿ ಬುಡದಲ್ಲಿರುತ್ತದೆ. ತುದಿ ಕಡಿದರೂ ಮತ್ತೆ ಏಳುತ್ತದೆ. ಹಲವು ಹೂಗಿಡಗಳ ಕುಡಿ ತುದಿಯಲ್ಲಿರುತ್ತದೆ; ಮತ್ತೆಮತ್ತೆ ಕಡಿದರೆ ಹೂವೂ ಇಲ್ಲ, ಬೀಜವೂ ಇಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಅಲ್ಲಿ ಸುಳ್ಳಾಗಿತ್ತು. ಮುಟ್ಟದ ಸೊಪ್ಪು ಇತ್ತು, ಅದೊಂದೇ ಇತ್ತು. ಬಂದರಿಕೆ, ತಂಗಡಿ, ಪಾರ್ಥೇನಿಯಂ ಬಿಟ್ಟರೆ ಉಳಿದುದೆಲ್ಲ ಕೆಂಪು ಮಣ್ಣು. ಹಿಂದೆ ಪುಟ್ಟ ನೀಲಿ ಹೂವಿನ ವಿಷ್ಣುಕ್ರಾಂತಿ ಇದ್ದ ಜಾಗವನ್ನು ಅವರು ಕೋಲಿನಿಂದ ಕೆದಕಿ ನೋಡಿದರು.

ಮುದುಕಿ ದೂರದಿಂದಲೇ ಎದ್ದು ನಿಂತಳು. ಅರ್ಜಿಯ ಸುದ್ದಿ ಆಕೆಗೆ ಆಗಲೇ ಮುಟ್ಟಿತ್ತು.

"ಬೇಡ ಅಂತ ಬರೀತೀರಾ, ಸಾಮಿ?"

"ಹಿಂದೆ ಇಲ್ಲಿ ಹುಲ್ಲಿತ್ತಲ್ಲಮ್ಮ. ನಿನ್ನ ಮೇಕೆಗಳು ಆಗಲೂ ಇದ್ದವು. ಈಗೇನಾಯಿತು?"

"ಆಗ ಮಳೆ ಬಂದ್ರೆ ಕೆರೆ ಆಚೆಗೆ ಹೊಡೀತಿದ್ದೆ, ಸಾಮಿ. ಇಲ್ಲಿ ಬೆಳೆದು ಬೀಜ ಉದುರಿದ ಮೇಲೇ ಬಿಡ್ತಿದ್ದುದು. ಕೆರೆ ಆಚೆ ಈಗ ಸೈಟು ಮಾಡಿ ಕಂಬ ನೆಟ್ಟವ್ರೆ. ಬಿಸಿಲೂ ಮೊದಲಿನಂಗಿಲ್ಲ. ಒಂದೇ ಬಯಲು, ವರ್ಷವೆಲ್ಲ ಇದೇ."

ಮೇಷ್ಟರಿಗೆ ಭೂಕಂದಾಯದ 1966ರ ನಿಯಮಗಳು ನೆನಪಾದವು. ನೂರು ದನಗಳಿಗೆ 12 ಹೆಕ್ಟೇರ್, ಎಂದರೆ ಸುಮಾರು 30 ಎಕರೆ ಗೋಮಾಳ ಬಿಡಬೇಕೆಂದು ಅಲ್ಲಿ ಲೆಕ್ಕವಿದೆ. ಬಾಯಿಗಳ ಲೆಕ್ಕವಿದೆ; ತಿಂಗಳುಗಳ ಲೆಕ್ಕ ಮುದುಕಿಯಲ್ಲಿತ್ತು. ಟಿಬೆಟ್ಟಿನಲ್ಲಿ ಕತ್ತರಿ ಮಾಡಿದ ಉಪಕಾರವನ್ನು ಕೋಲಾರದ ಒಣ ನೆಲದಲ್ಲಿ ಮೇಕೆಯ ಬಾಯಿ ಮಾಡೀತೆಂದು ಅವರು ನಂಬಲಿಲ್ಲ. ಆದರೆ ಬಾಯಿಯನ್ನು ಪೂರ್ತಿ ಕಟ್ಟಿದರೆ ಬಯಲು ತಾನಾಗಿ ಹೂ ಬಿಡುವುದೆಂದು ನಂಬುವುದಕ್ಕೂ ಆ ಕಣಿವೆ ಅವರನ್ನು ಬಿಡಲಿಲ್ಲ.

ಸಂಜೆ ನಾಲ್ವರೂ ಬಂದರು. ಅರ್ಜಿ ಸಿದ್ಧವಾಗಿತ್ತು. ಮುಂಗಾರಿನ ಮೊದಲ ಮಳೆಯಿಂದ ದೀಪಾವಳಿಯವರೆಗೆ ಬಯಲಿನ ಅರ್ಧಕ್ಕೆ ಮೇಕೆಗಳನ್ನು ಬಿಡಕೂಡದು. ಮರುವರ್ಷ ಇನ್ನರ್ಧವನ್ನು ಕಾಯಬೇಕು. ಮುಟ್ಟದ ಪೊದೆಗಳನ್ನು ನಗರಸಭೆ ಕಡಿಸಬೇಕು. ದಿಬ್ಬದ ಕಡೆಯ ಅಂಚಿಗೆ ಯಾವ ಕಾಲದಲ್ಲೂ ಮೇಕೆ ಹೋಗಬಾರದು. ಓದಿ ಮುಗಿಸುವಷ್ಟರಲ್ಲಿ ಒಬ್ಬರ ಮುಖ ಕೆಂಪಾಗಿತ್ತು. "ನಾವು ಹೇಳಿದ್ದೊಂದು, ನೀವು ಬರೆದದ್ದೊಂದು!"

"ಮೊಮ್ಮಗುವಿನ ಕೆಮ್ಮು ಮುದುಕಿಯನ್ನು ಓಡಿಸಿದರೆ ನಿಲ್ಲದು, ಹುಲ್ಲು ಬಂದರೆ ಸ್ವಲ್ಪವಾದರೂ ತಗ್ಗೀತು. ಹುಲ್ಲು ಬರುವ ದಾರಿ ನನಗೆ ತೋಚಿದ್ದು ಇದು" ಎಂದರು ಮೇಷ್ಟರು.

ಮೂವರು ರುಜು ಹಾಕಿದರು. ನಾಲ್ಕನೆಯವರು ಬಹಳ ಹೊತ್ತು ಯೋಚಿಸಿ, 'ಒಂದು ವರ್ಷದ ಮಟ್ಟಿಗೆ ಮಾತ್ರ' ಎಂದು ಪಕ್ಕದಲ್ಲಿ ಬರೆದು ರುಜು ಮಾಡಿದರು. ಐದನೆಯದಾಗಿ ಮುದುಕಿ ಜಗಲಿಯ ಕೆಳಗೆ ನಿಂತೇ ಹೆಬ್ಬೆಟ್ಟು ಒತ್ತಿದಳು. ಆಕೆಯ ಹಿಂದೆ ಬಂದ ಮರಿಯೊಂದು ಅಷ್ಟರಲ್ಲಿ ದಾಸವಾಳದ ಬೇಲಿಗೆ ಬಾಯಿ ಹಾಕಿತ್ತು. ಮೇಷ್ಟರು ಕೋಲೆತ್ತಿಕೊಂಡು ಜಗಲಿಯಿಂದ ಇಳಿದರು.